ಆರು ಚಮಚ

ಆರು ಚಮಚ, ಅಂದಳು ಡಾಕ್ಟರ್ ಖಾತೂನಾ,
ತಿಂದು ನಿಲ್ಲಿಸು.
ಎರಡು ಗಂಟೆ ಬಿಟ್ಟು ಮತ್ತೆ ಆರು.
ಅಗಿಯುವುದನ್ನು ಕಲಿ,
ನಿನ್ನ ಹಲ್ಲು ಇರುವುದು ಬರೀ ಭಾಷಣಕ್ಕಲ್ಲ.

ಕುತೈಸಿಯ ನಮ್ಮ ಬೀದಿಯಲ್ಲಿ
ಮೂವತ್ತು ವರ್ಷ, ಮದುವೆಯೋ ನಾಮಕರಣವೋ ತಿಥಿಯೋ,
ಮೇಜಿನ ತಲೆಗೆ ನಾನೇ, ಝಾಲ್, ತಮಾದಾ.
ಸತ್ತವರ ಹೆಸರಿಗೊಂದು ಮಾತು, ಒಂದು ಬಟ್ಟಲು,
ಹುಟ್ಟಲಿರುವವರ ಹೆಸರಿಗೊಂದು,
ಹಾಡು ಮುಗಿದರೆ ಹಾಡಿದವರ ಹೆಸರಿಗೆ;
ಕೊಂಬಿನ ತುಂಬ ಸುರಿದ ದ್ರಾಕ್ಷಾರಸವನ್ನು
ತೊಟ್ಟು ನೆಲಕ್ಕೆ ಬೀಳದ ಹಾಗೆ ಎತ್ತಿ ಇಳಿಸಿದವನು.
ಹಗಲು ಲಾರಿ ಟೈರುಗಳಿಗೆ ತೇಪೆ ಹಾಕುವುದು ಕಸುಬು.

ಆದ್ದರಿಂದ ಎಚ್ಚರವಾದಾಗ ಮೊದಲು ನೋಡಿದ್ದು
ಹೊಲಿಗೆ.
ಇಪ್ಪತ್ತೆಂಟು. ಸಾಲು ನೆಟ್ಟಗಿದೆ.
ಪಳಗಿದ ಕೈ, ಅಂದುಕೊಂಡೆ, ಗಾಳಿ ಹೋಗುವುದಿಲ್ಲ.
ಐದನೆಯ ದಿನ ಹೋಯಿತು, ಜೋರಾಗಿಯೇ,
ಬೇಕಾದ ಕಡೆಯಿಂದಲೇ.
ನರ್ಸು ಚಪ್ಪಾಳೆ ತಟ್ಟಿದಳು.
ನನ್ನ ಯಾವ ಮಾತಿಗೂ
ಅಷ್ಟು ಮನಸಾರೆ ಯಾರೂ ತಟ್ಟಿರಲಿಲ್ಲ.

ಮನೆಗೆ ಬಂದರೆ ಮೇಜು ಕಾಣುತ್ತಿಲ್ಲ.
ಚೀಸು ತುಂಬಿದ ರೊಟ್ಟಿ, ಬಿಸಿ, ಬೆಣ್ಣೆ ಸುರಿಯುವುದು,
ಅಕ್ರೋಟು ಅರೆದು ಸುತ್ತಿದ ಬದನೆ,
ಮಡಕೆಯಲ್ಲಿ ಹುರುಳಿ, ಯಾರದೋ ಮನೆಯ ಹಂದಿಮರಿ.
ಅಕ್ಕಪಕ್ಕದವರು ಅಳುತ್ತಾ ತಂದದ್ದನ್ನು
ನಗುತ್ತಾ ಅವರೇ ತಿಂದರು.
ನನಗೆ ತ್ಸಿಯಾಲಾ ಕೊಟ್ಟಳು ಬಿಳಿ ಜೋಳದ ಗಂಜಿ,
ಬಟ್ಟೆಯಲ್ಲಿ ಸೋಸಿದ್ದು,
ಮೊಮ್ಮಗನ ಬಟ್ಟಲಿನಲ್ಲಿ. ತಳದಲ್ಲೊಂದು ಕರಡಿ.
ಆರನೆಯ ಚಮಚಕ್ಕೂ ಕರಡಿ ಕಣ್ಣಷ್ಟೇ ಬಿಟ್ಟಿತ್ತು.

ಒಂದು ರಾತ್ರಿ ಕದ್ದೆ. ಹೇಳಿಬಿಡುತ್ತೇನೆ.
ಅಂಗೈಯಗಲ ರೊಟ್ಟಿ, ತಣ್ಣಗಿನದು,
ನಿಂತುಕೊಂಡೇ, ಅಗಿಯದೆ.
ಹತ್ತು ನಿಮಿಷಕ್ಕೆ ಬೆವರು, ಎದೆ ಡವಡವ,
ಗೋಡೆ ನನ್ನ ಕಡೆಗೆ ನಡೆದು ಬಂತು.
ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ, ಕೆನ್ನೆಗೆ ಫ್ರಿಜ್ಜು ತಾಗಿಸಿ.
ತ್ಸಿಯಾಲಾ ಬೈಯಲಿಲ್ಲ. ಮುಖ ಒರೆಸಿದಳು.
ಉಳಿದ ಚೂರನ್ನು ತಾನು ತಿಂದು
ದೀಪ ಆರಿಸಿದಳು.

ಮೂರನೆಯ ವಾರ ಗೋಚಾ ಬಂದ.
ಒಡಹುಟ್ಟಿದವನು; ಹನ್ನೊಂದು ವರ್ಷದಿಂದ ಮಾತಿಲ್ಲ.
ಅಪ್ಪ ನೆಲದಲ್ಲಿ ಹೂತಿಟ್ಟ ದೊಡ್ಡ ಹರವಿಯನ್ನು
ನಾನು ಊರಿಗೆಲ್ಲ ಮಾತು ಹಂಚುತ್ತಿದ್ದ ದಿನ
ರಸದ ಸಮೇತ ಮಾರಿಕೊಂಡವನು.
ಕಂಕುಳಲ್ಲಿ ಕೋಳಿ, ಜೀವಂತ,
ಅದೂ ಇವನೂ ಹೊಸಿಲಿನಾಚೆ ಕಾಲು ಬದಲಿಸುತ್ತಾ ನಿಂತವು.

ತ್ಸಿಯಾಲಾ ಕೋಳಿಯನ್ನು ಮಾತ್ರ ಒಳಗೆ ಕರೆದಳು.
ಕುದಿಸಿದಳು, ಕೊಬ್ಬು ತೆಗೆದಳು,
ಮೊಟ್ಟೆಯ ಹಳದಿಯನ್ನು ವಿನೆಗರಿನ ಹನಿ ಹಾಕಿ ಕಡೆದು
ಬಿಸಿ ಸಾರನ್ನು ಅದಕ್ಕೆ ಎಳೆ ಎಳೆಯಾಗಿ ಇಳಿಸಿದಳು.
ನಿಧಾನ, ಅಂದಳು, ಯಾರಿಗೆ ಅಂದಳೋ,
ಅವಸರ ಮಾಡಿದರೆ ಒಡೆಯುತ್ತದೆ.
ಮನೆಯೆಲ್ಲ ಆ ವಾಸನೆ ತುಂಬಿದ ಮೇಲೆ
ಅವನು ಒಳಗೇ ಇದ್ದ, ಯಾವಾಗ ಬಂದನೋ.

ಹೊಟ್ಟೆಗೆ ಹಾಕಿಕೋ, ಝಾಲ್, ಅಂದ.

ಎಲ್ಲಿದೆಯೋ ಹೊಟ್ಟೆ?
ಮುಕ್ಕಾಲು ಪಾಲು ಬಕೆಟ್ಟಿಗೆ ಹೋಯಿತು.
ಹನ್ನೊಂದು ವರ್ಷದ ಕಿಚ್ಚು ಆ ಕಡೆಯ ತುಂಡಿನಲ್ಲಿತ್ತೋ
ಉಳಿದ ಹಿಡಿಯಷ್ಟರಲ್ಲಿದೆಯೋ
ಸ್ಕ್ಯಾನಿನಲ್ಲಿ ಕಾಣುವುದಿಲ್ಲವಂತೆ.
ಹಾಗಂದು ನಕ್ಕೆ, ಹೊಲಿಗೆಗೆ ದಿಂಬು ಒತ್ತಿಕೊಂಡು ನಕ್ಕೆ,
ನೋವಿಗೆ ಕಣ್ಣಲ್ಲಿ ನೀರು ಬಂತು.
ನೋವಿಗೇ, ಅಂದೆ ಅವನಿಗೆ.

ಚಮಚ ಎತ್ತಿದೆ. ಅಭ್ಯಾಸ ಬಿಡುತ್ತದೆಯೇ?
ಮೊದಲನೆಯದು ಈ ಕೋಳಿಗೆ, ತಕರಾರು ಮಾಡದೆ ಬಂತು.
ಎರಡನೆಯದು ಖಾತೂನಾಳ ಬೆರಳಿಗೆ.
ಮೂರು, ಒಡೆಯದ ಸಾರಿಗೆ.
ನಾಲ್ಕು ಸುಮ್ಮನೆ, ರುಚಿಗೆ. ಹುಳಿ, ಬಿಸಿ, ಕೊತ್ತಂಬರಿಯ ಒಂದೆಲೆ.
ಐದು ಅಪ್ಪನಿಗೆ, ಅವನ ಹರವಿಗೆ.
ಆರನೆಯದನ್ನು ಹಿಡಿದು ಗೋಚಾನ ಮುಖ ನೋಡಿದೆ.
ಬಹಳ ಹೊತ್ತು ಅಗಿದೆ,
ಸಾರಿನಲ್ಲಿ ಅಗಿಯುವುದಕ್ಕೆ ಏನೂ ಇರಲಿಲ್ಲ.

ಇವತ್ತಿಗೆ ಇಷ್ಟೇ ಹಿಡಿಯುವುದು ಕಣೋ,
ಉಳಿದದ್ದು ಹಾಗೇ ಇರಲಿ, ಮುಚ್ಚಿಡುತ್ತಾಳೆ.
ನಾಳೆ ಬಾ.
ನಾಳೆಯಿಂದ ಏಳು ಚಮಚ, ಅಂದಿದ್ದಾಳೆ ಡಾಕ್ಟರು.