ನೀಲಿಗೆ ಅದ್ದಿದ್ದು

ಸೊಲ್ಲಾಪುರ. ನವಿ ಪೇಠದ ಹಿಂದ, ಎರಡನೇ ಮಜಲಿನ್ಯಾಗ ನಮ್ಮ ಲ್ಯಾಬು.
ಕಿಟಕಿ ತಗದ್ರ ಪವರ್‌ಲೂಮಿನ ಖಟಖಟ,
ಮುಚ್ಚಿದ್ರೂ ಅದ.

ಇವತ್ತಿನ ಬಾಟ್ಲಿಯೊಳಗ
ಜ್ವಾಳದ ಕಾಳಿನಷ್ಟು ಚರ್ಮ.
ಚೀಟಿ: ಭೌರಮ್ಮ ಕಲಶೆಟ್ಟಿ ಇವರ ಕೂಸು, ಐದು ತಿಂಗಳು, ಬೆನ್ನು.
ಹೆಸರು ಇಟ್ಟಿರಬೇಕು, ಚೀಟಿಯೊಳಗ ಇಲ್ಲ.

ಹೊರಗ ಬಾಕಿನ ಮ್ಯಾಲ ಮುದುಕಿ ಹೇಳ್ತಾಳ:
"ಎರಿಯೂಮುಂದ ಬೆನ್ನು ತಿಕ್ಕತೀನಲ್ಲೊ,
ಆ ಕಂದು ಗಂಟು ಕೆಂಪಾಗಿ ಉಬ್ಬತದ.
ಬಿಟ್ರ ಇಳೀತದ.
ಯಾರದೋ ಕಣ್ಣು. ಮೆಣಸಿನಕಾಯಿ ಇಳಿಸಿ ಸುಟ್ಟೆ,
ಘಾಟೇ ಬರಲಿಲ್ಲ."

ಈಗ ಕಣ್ಣು ಹಚ್ಚಾಂವ ನಾನು.
ಮೊದಲು ಮಾಮೂಲಿ ಗುಲಾಬಿ ಬಣ್ಣದಾಗ:
ಮ್ಯಾಲಿನ ಪದರ ಶಾಂತ, ಅದರ ಬುಡಕ ಒಂದೀಟು ಕಾಡಿಗಿ.
ಅದರ ಕೆಳಗ ಒತ್ತೊತ್ತಿ ಕೂತಾವ,
ಪಂಗತ್ತಿನ್ಯಾಗ ತೊಡಿಗೆ ತೊಡಿ ತಾಗಿಸಿ ಕೂತಂಗ,
ಉಂಡು ತೇಗಿದವರ ಮುಖದಂಗ ದುಂಡಗ.
ತವಾದ ಮ್ಯಾಲ ಒಡದ ತತ್ತಿ ನೋಡೀರಿ?
ನಡುವ ಒಂದು ಗೋಲಿ, ಸುತ್ತ ಮಸುಕು.
ಒಂದೂ ಎರಡಾಗ್ಲಿಕ್ಕ ಹೊಂಟಿಲ್ಲ.
ಅಲ್ಲೊಂದು ಇಲ್ಲೊಂದು, ಒಡಲ ತುಂಬ ಕುಂಕುಮದ ಪುಡಿ ಹೊತ್ತ
ಬ್ಯಾರೆ ಕಣ, ಕರೀದ ಬಂದ ಬೀಗರು.

ಸಂಶಯ ಇತ್ತು. ಟೊಲುಡಿನ್ ನೀಲಿ ತಗದೆ.

ನಮ್ಮಪ್ಪ ಗಿರಣಿಯ ಬಣ್ಣದ ಖಾತೆದಾಗ ಇದ್ದ.
ಚಾದರದ ನೂಲು ನೀಲಿಗೆ ಅದ್ದಿದ್ದು
ಒಂದ್ಸಲ ನೇರಳಿ ಆಗಿ ಬಂತು.
ಮುಕಾದಮ ವಾರದ ಪಗಾರ ಮುರಕೊಂಡ.
ಅಪ್ಪ ಆ ನೂಲಿನ ಒಂದು ಲಡಿ ಕಿಸೆದಾಗ ಇಟಗೊಂಡು ಬಂದಿದ್ದ,
ತಪ್ಪು ತನ್ನದಲ್ಲ ಅಂತ ತೋರಿಸ್ಲಿಕ್ಕ.
ಯಾರಿಗೆ ತೋರಿಸಬೇಕಿತ್ತೋ.

ಇಲ್ಲಿ ನಾನು ನೀಲಿಗೆ ಅದ್ದಿ
ಬಣ್ಣ ತಪ್ಪಲಿ ಅಂತ ಕಾಯ್ತೀನಿ.
ಸುತ್ತಲಿನ ಚರ್ಮ ಎಲ್ಲ ನೀಲಿ, ಹೇಳಿದಂಗ ಕೇಳೂ ನೀಲಿ.
ಈ ಕಣಗಳ ಹೊಟ್ಟಿಯೊಳಗಿನ ಹುಡಿ ಹುಡಿ ಕಾಳು ಮಾತ್ರ
ನೇರಳಿ.
ಫೋಕಸ್ ತಿರುವಿದೆ. ಇನ್ನೂ ನೇರಳಿ.
ಕೂಸಿನ ಬೆನ್ನು ತಿಕ್ಕಿದಾಗೆಲ್ಲ ಚೆಲ್ಲಿ
ಉಬ್ಬಿಸಿದ್ದು ಇವ.
ಅಪ್ಪಾ, ಪಗಾರ ಮುರಿಯಾಂವ ಇಲ್ಲಿ ಯಾರೂ ಇಲ್ಲ.

ವರದಿ ಇಂಗ್ಲೀಷಿನ್ಯಾಗ.
ಡಾಕ್ಟರಬಾಯಿ ಸಹಿ ಮಾಡಿ ಮರಾಠಿಯೊಳಗ ಹೇಳಿದ್ರು.
ಭೌರಮ್ಮ ತಲಿ ಅಲ್ಲಾಡಿಸಿದಳು, ತಿಳದಂಗ.
ಮುದುಕಿ ನನ್ನ ಕಡೆ ತಿರುಗಿ, "ಏನಂತಪಾ?"

"ಗಂಟು ಕೆಟ್ಟದ್ದಲ್ಲ ಆಯಿ.
ದೊಡ್ಡಾಕಿ ಆಗೂದ್ರಾಗ ಹೆಚ್ಚಾಗಿ ತಾನ ಮಾಸತದ.
ಅಲ್ಲೀಟು ತಿಕ್ಕಬ್ಯಾಡ. ಕುದಿನೀರು ಸುರೀಬ್ಯಾಡ."

ಮುದುಕಿ ತನ್ನ ಅಂಗೈ ನೋಡಿಕೊಂಡಳು.
ಎಷ್ಟು ಕೂಸಿಗೆ ಎರದ ಅಂಗೈಯೋ.
"ಮತ್ತ ಕಣ್ಣು?" ಅಂದಳು.

ನನ್ನ ಬೆರಳ ತುದಿ ಇನ್ನೂ ನೀಲಿ ಇತ್ತು.
ಕಿಸೆದಾಗ ಇಟಗೊಂಡೆ.