ಹೊಸ್ತಿಲಿನಾಚೆಯ ಲೆಕ್ಕ

ನನ್ನ ಹೆಸರು ಡೊರಿಲ್ಡಾ ಮಿಶೋ.
ಮೇನ್ ರಾಜ್ಯದ ತುತ್ತತುದಿ, ನದಿ ದಾಟಿದರೆ ಕೆನಡಾ.
ನಸುಕಿನ ನಾಲ್ಕಕ್ಕೆ ಬಿಟ್ಟವಳು
ಆಗಸ್ಟಾ ಮುಟ್ಟುವಷ್ಟರಲ್ಲಿ
ಒಂದು ಥರ್ಮಾಸ್ ಕಾಫಿ ಖಾಲಿ.
ಕೊಟ್ಟಿರುವುದು ಮೂರು ನಿಮಿಷ.
ಹೆಸರು, ಊರು ಹೇಳುವುದರಲ್ಲೇ ಒಂದಿಷ್ಟು ಹೋಯಿತು.
ಮೇಜಿನ ಮೇಲೆ ಹಸಿರು ದೀಪ. ಇರಲಿ.

ಮಾನ್ಯ ಸದಸ್ಯರೇ,
ಭಾಷಣ ಬರೆದು ತಂದಿದ್ದೆ. ಸಂಘದವರು ತಿದ್ದಿದರು,
ನಾಲ್ಕು ಕಡೆ 'ಘನತೆ' ಸೇರಿಸಿದರು.
ಅಲ್ಫೇ ಓಲೆಟ್‌ಗೆ ಓದಿ ಹೇಳಿದೆ.
ಘನತೆ ಅಂದರೆ, ಮುದುಕ ಕೇಳಿದ,
ನಾನು ಚಡ್ಡಿ ಏರಿಸಿಕೊಳ್ಳುವಾಗ ನೀನು
ಕಿಟಕಿ ಕಡೆ ತಿರುಗಿ ಆಲೂಗಡ್ಡೆ ರೇಟು ಮಾತಾಡ್ತೀಯಲ್ಲ, ಅದಾ?
ಅದೇ ಅಂದೆ.
ಹಾಗಾದರೆ ಅದನ್ನೇ ಹೇಳು, ಅಂದ.

ಹೇಳುತ್ತೇನೆ.
ನಿಮ್ಮ ನಿಯಮದಲ್ಲಿ ನನ್ನ ಕೆಲಸ
ಹೊಸ್ತಿಲು ದಾಟಿದ ಮೇಲೆ ಶುರು.
ಫೋನಿನ ಮೇಲೆ ಬೆರಳೊತ್ತಬೇಕು,
ಆಕಾಶದ ಉಪಗ್ರಹ ಒಪ್ಪಬೇಕು:
ಹೌದು, ಡೊರಿಲ್ಡಾ ಒಳಗಿದ್ದಾಳೆ.
ಹೊರಬರುವಾಗ ಮತ್ತೆ ಬೆರಳು.
ಅಲ್ಫೇ ಮನೆಯಿಂದ ಕೊರಿನ್ ಸಿರ್ ಮನೆಗೆ
ಮೂವತ್ತೊಂದು ಮೈಲಿ.
ಹಿಮ ಗುಡಿಸುವ ಲಾರಿಯ ಬೆನ್ನಿಗೆ
ತೆವಳುತ್ತಿರುವ ಆ ಹೆಂಗಸು
ಕೆಲಸದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ.
ಪೆಟ್ರೋಲು ಮಾತ್ರ ಸುಡುತ್ತಿದೆ,
ಅದಕ್ಕೆ ನಿಯಮ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಒಮ್ಮೆ ಚರಂಡಿಗೆ ಜಾರಿದೆ.
ಟ್ರ್ಯಾಕ್ಟರು ಬರುವವರೆಗೆ ಎರಡು ತಾಸು
ತಲೆಯಲ್ಲಿದ್ದದ್ದು ಕಾರಲ್ಲ,
ಎಂಟೂವರೆಯ ಇನ್ಸುಲಿನ್.
ಕೊರಿನ್‌ಗೆ ಕಣ್ಣು ಕಾಣದು.
ಚುಚ್ಚಿಕೊಳ್ಳುವವಳು ಅವಳೇ,
ಸಿರಿಂಜಿನ ಗೆರೆ ಓದುವವಳು ನಾನು.
ಹೋಗಿ ನೋಡಿದರೆ
ತಿಂಡಿ ಮುಟ್ಟದೆ, ಕೋಟು ತೊಟ್ಟು,
ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ.
ನಿನ್ನ ಹುಡುಕೋಕೆ ಹೊರಟಿದ್ದೆ, ಅಂದಳು
ಕಣ್ಣಿಲ್ಲದವಳು.

ಆ ಬೆಳಿಗ್ಗೆಗೆ ಕಂಪನಿ ಕೊಟ್ಟದ್ದು
ನಲವತ್ತು ನಿಮಿಷದ ಕೂಲಿ,
ತಡವಾದದ್ದಕ್ಕೆ ಒಂದು ನೋಟಿಸು.

ಹಳದಿ ಬಂತು. ನೋಡಿದೆ.

ನಮ್ಮ ಕಣಿವೆಯಲ್ಲಿ ಈ ಕೆಲಸಕ್ಕೆ ಏಳು ಜನ ಇದ್ದೆವು.
ಜೊಯೆಲ್ ಅಂಗಡಿಯ ಗಲ್ಲಾ ಸೇರಿದಳು,
ಅಲ್ಲಿ ಹೀಟರಿದೆ, ಗಂಟೆಗೆ ಎರಡು ಡಾಲರ್ ಹೆಚ್ಚು.
ಬೈಯಲಾರೆ. ಅವಳ ಟೈರು ನಾನೂ ನೋಡಿದ್ದೆ.
ಈಗ ನಾಲ್ವರು.
ಭಾನುವಾರ ಅಲ್ಫೇ ಮನೆಗೆ ಯಾರೂ ಹೋಗುವುದಿಲ್ಲ.
ಶನಿವಾರ ಸಂಜೆಯಿಂದಲೇ ಅವನು ನೀರು ಬಿಡುತ್ತಾನೆ.
ಕುಡಿದರೆ ಎದ್ದು ಹೋಗಬೇಕಲ್ಲ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ,
ಉಳಿತಾಯದಲ್ಲಾ?

ದುಡ್ಡೆಲ್ಲಿ ಅನ್ನುತ್ತೀರಿ.
ಹರಿದ ಜೇಬಿನವರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ.
ಊರಿನ ನರ್ಸಿಂಗ್ ಹೋಮ್ ಮುಚ್ಚಿತು.
ಖಾಲಿ ಹಾಸಿಗೆ ಇರುವುದು ನೂರಿಪ್ಪತ್ತು ಮೈಲಿ ದೂರ,
ಬೆಲೆ ನನ್ನ ಸಂಬಳದ ಮೂರು ಪಟ್ಟು.
ಅಲ್ಲಿ ಯಾರಿಗೂ ನಮ್ಮ ಕಡೆಯ ಫ್ರೆಂಚ್ ತಿಳಿಯದು.
ಜ್ವರ ಏರಿದರೆ ಅಲ್ಫೇಗೆ ಇಂಗ್ಲಿಷ್ ಮರೆಯುತ್ತದೆ.
ಬಾಯಾರಿಕೆಯನ್ನು
ಯಾವ ಭಾಷೆಯಲ್ಲಿ ಹೇಳಬೇಕು ಅವನು?

ಈ ಮಸೂದೆ ಕೇಳುವುದು ಇಷ್ಟೇ:
ರಸ್ತೆಯನ್ನೂ ಕೆಲಸವೆನ್ನಿ.
ಎರಡು ಹೊಸ್ತಿಲ ನಡುವೆಯೂ
ನಾನು ಇದ್ದೇನೆ ಎಂದು
ಒಂದು ಸಾಲು ಬರೆಯಿರಿ. ಬರೆದ ಮೇಲೆ

ಕೆಂಪು.

ಧನ್ಯವಾದ, ಅಂದರು ಅಧ್ಯಕ್ಷರು.
ಮೇಜಿನಡಿ ಅವರ ಎಡಗಾಲ ಬೂಟು ಸಡಿಲ,
ಲೇಸು ಬಿಚ್ಚಿದೆ, ಕಣಕಾಲು ಬಾತಿದೆ.
ಬಂದಾಗಲೇ ಕಂಡಿದ್ದೆ. ಕಾಣುವುದೇ ನನ್ನ ಕಸುಬು.
ಸರ್, ಅಂದೆ, ಉಪ್ಪು ಕಡಿಮೆ ಮಾಡಿ,
ರಾತ್ರಿ ಕಾಲು ದಿಂಬಿನ ಮೇಲಿಡಿ.
ಮೈಕು ಅಷ್ಟರಲ್ಲಿ ಆರಿತ್ತು.
ಕೇಳಿಸಿತೋ ಇಲ್ಲವೋ,
ಕಾಲು ಹಿಂದಕ್ಕೆಳೆದುಕೊಂಡರು.

ಏಳು ಗಂಟೆಗೆ ಅಲ್ಫೇ ಕಾಯುತ್ತಾನೆ.
ಇವತ್ತು ಶನಿವಾರ ಅಲ್ಲ, ನೀರು ಕುಡಿದಿರುತ್ತಾನೆ.
ಹೊರಗೆ ಹಿಮ ಶುರುವಾಗಿತ್ತು.
ಕಾರಿನ ಕೀಲಿಗಾಗಿ ಕೋಟಿನ ಜೇಬೆಲ್ಲ ತಡಕಿದೆ.