ನೀರಲ್ಲೇ ಅಂಟುತ್ತದೆ

ಸರ್ಕಾರ ಕೊಟ್ಟ ದುಡ್ಡಿಗೆ ಸರ್ಕಾರದ ಚೀಟಿ ಅಂಟಿರಬೇಕು,
ಐದು ವರ್ಷ, ಕಣ್ಣಿಗೆ ಕಾಣುವ ಹಾಗೆ, ಯಂತ್ರದ ಮೈಮೇಲೆ.
ಇದೆಯೋ ಇಲ್ಲವೋ ನೋಡಿ ಫೋಟೋ ತೆಗೆದು ತರುವುದು
ನನ್ನ ಕೆಲಸ. ಸಾಂತಿಯಾಗೊದ ಕಚೇರಿಯಿಂದ
ತಿಂಗಳಿಗೆ ಎಂಟು ಊರು, ಪೆಟ್ರೋಲಿನ ರಸೀದಿ ಬೇರೆ.

ಅರೋಸಾ ಕೊಲ್ಲಿಯ ದಂಡೆ. ಮೀನಿನ ಡಬ್ಬಿ ಕಾರ್ಖಾನೆ
ಮುಚ್ಚಿ ಹದಿನೆಂಟು ವರ್ಷ; ಗೋಡೆಯ ಮೇಲೆ ಇನ್ನೂ
ಸಾರ್ಡೀನಿನ ಚಿತ್ರ, ಸುಣ್ಣ ಉದುರಿ ಬಾಲವಿಲ್ಲ.
ಒಳಗೆ ಅಲ್ದಾರಾಳ ಕಂಪನಿ. ಮೊದಲು ಮೂರು ಮಂದಿ,
ಈಗ ಹತ್ತೊಂಬತ್ತು; ಅವರಲ್ಲಿ ನಾಲ್ವರು ಹೆಂಗಸರು
ಇದೇ ಸೂರಿನಡಿ ಡಬ್ಬಿ ತುಂಬಿದವರು, ಈಗ ಅದೇ ಬೆರಳಲ್ಲಿ
ಗಾಜಿನ ನಳಿಗೆಗೆ ಹನಿ ಎಣಿಸಿ ಬಿಡುತ್ತಾರೆ.
ತಪ್ಪುವುದಿಲ್ಲ.

ಅವಳ ಮೊದಲ ಅರ್ಜಿ ನನಗೆ ನೆನಪಿದೆ.
ಹದಿನಾಲ್ಕು ಪುಟ. ಒಂಬತ್ತನೆಯದರಲ್ಲೊಂದು ಚೌಕ:
ನಿಮ್ಮ ಹೊಸತನವೇನು, ಇನ್ನೂರು ಪದ ಮೀರದಂತೆ ವಿವರಿಸಿ.
ಎಲ್ಲರೂ ಇನ್ನೂರನ್ನೂ ತುಂಬುತ್ತಾರೆ, ಅಂಚಿನಲ್ಲೂ ಬರೆಯುತ್ತಾರೆ.
ಇವಳು ಬರೆದಿದ್ದಳು: ನೀರಲ್ಲೇ ಅಂಟುತ್ತದೆ.
ಮಿಕ್ಕ ನೂರಾ ತೊಂಬತ್ತೆಂಟು ಪದದ ಜಾಗ ಬೆಳ್ಳಗೆ.
ನಾನು ಷರಾ ಬರೆದೆ: ಮಾರುಕಟ್ಟೆ ಅಸ್ಪಷ್ಟ. ಹತ್ತಕ್ಕೆ ನಾಲ್ಕು.

ಮರುವರ್ಷ ಅದೇ ಅರ್ಜಿ, ಅದೇ ಎರಡು ಪದ,
ಜೊತೆಗೊಂದು ಸೀಸೆ; ಸೀಸೆಯ ತುಂಬ ಸಮುದ್ರದ ನೀರು,
ನೀರೊಳಗೆ ಎರಡು ಹಂಚಿನ ಚೂರು, ಒಂದನ್ನೊಂದು ಕಚ್ಚಿಕೊಂಡು.
ಕಚೇರಿಯಲ್ಲಿ ಎಲ್ಲರೂ ಎಳೆದು ನೋಡಿದೆವು.
ನಿರ್ದೇಶಕರು ಕೋಟು ಬಿಚ್ಚಿಟ್ಟು ಎಳೆದರು.
ಹಂಚು ಮುರಿಯಿತು. ಅಂಟು ಬಿಡಲಿಲ್ಲ.

ಮಂಜೂರಾಯಿತು, ನಿಜ. ಆದರೆ ನಮ್ಮ ಮಂಜೂರು ಹೇಗೆಂದರೆ
ಮೊದಲು ನೀನು ಖರ್ಚು ಮಾಡು, ರಸೀದಿ ತಾ, ಆಮೇಲೆ ನೋಡೋಣ.
ಉಂಡು ಎದ್ದವನಿಗೆ ಎಲೆ ಹಾಕುವ ಜಾಯಮಾನ.
ಆ ಹದಿನಾಲ್ಕು ತಿಂಗಳು ಕಂಪನಿಯನ್ನು ಸಾಕಿದ್ದು
ಸೋದರಮಾವ ಫ್ರೋಯ್ಲಾನನ ಪಚ್ಚಿಲೆ ತೆಪ್ಪ:
ನೀಲಗಿರಿ ತೊಲೆ, ತೊಲೆಯಿಂದ ಇಳಿಬಿಟ್ಟ ಐನೂರು ಹಗ್ಗ,
ಹಗ್ಗದುದ್ದಕ್ಕೂ ಕಚ್ಚಿದ ಕಪ್ಪು ಚಿಪ್ಪು. ಅದನ್ನು ಒತ್ತೆಯಿಟ್ಟ.
ಯಾವ ವಾರ್ಷಿಕ ವರದಿಯಲ್ಲೂ ಅದಿಲ್ಲ,
ಸಚಿವರ ಭಾಷಣದಲ್ಲಂತೂ.

ಚೀಟಿ ಎಲ್ಲಿ, ಎಂದೆ.
ಉಪ್ಪುಗಾಳಿ, ಎಂದಳು. ಮೂರು ಸಲ ಅಂಟಿಸಿದೆ, ಮೂರು ಸಲ ಬಿತ್ತು.
ನಿಮ್ಮ ಇಲಾಖೆಯ ಗೋಂದು ಅಷ್ಟಕ್ಕಷ್ಟೇ.
ಮೇಜಿನ ಖಾನೆಯಿಂದ ತೆಗೆದಳು: ಮುದುರಿತ್ತು,
ಹನ್ನೆರಡು ನಕ್ಷತ್ರಗಳಲ್ಲಿ ಒಂದೆರಡು ಮಾಸಿದ್ದವು.
ತನ್ನದೇ ಅಂಟು ಒಂದು ಹನಿ ಬಿಟ್ಟಳು. ನಾನು ಒತ್ತಿ ಹಿಡಿದೆ.

ರಾಟರ್‌ಡ್ಯಾಮಿನವರು ಕೇಳುತ್ತಿದ್ದಾರಂತೆ, ಅಂದೆ, ಹಡಗಿನ ತಳ ರಿಪೇರಿಗೆ.
ಆಸ್ಪತ್ರೆಯವರೂ, ಎಂದಳು, ಹೊಲಿಗೆಯಿಲ್ಲದೆ ಗಾಯ ಮುಚ್ಚಲು.
ಐದು ವರ್ಷ ಈ ಸೀಮೆ ಬಿಡಬಾರದೆಂದು ಷರತ್ತಿದೆ, ನೆನಪಿಸಿದೆ.
ಇನ್ನು ಹನ್ನೊಂದು ತಿಂಗಳು. ಲೆಕ್ಕ ನನಗಿಂತ ಅವಳಿಗೇ ಚೆನ್ನಾಗಿತ್ತು.
ಆಮೇಲೆ?
ಕಿಟಕಿಯಾಚೆ ತೆಪ್ಪಗಳನ್ನು ತೋರಿಸಿದಳು.
ಪಚ್ಚಿಲೆ ಕಲ್ಲಿಗೆ ಕಚ್ಚಿದ್ದು ಎಲ್ಲರಿಗೂ ಕಾಣುತ್ತದೆ;
ಬೇಡವೆನಿಸಿದರೆ ತನ್ನ ನೂಲು ತಾನೇ ಕಳಚಿ
ಹೊಸದು ನೂತು ಬೇರೆ ಜಾಗ ಹಿಡಿಯುತ್ತದೆ, ಅದು ಕಾಣುವುದಿಲ್ಲ.
ಆ ಕಳಚುವ ವಿದ್ಯೆ ನಮಗಿನ್ನೂ ಕೈವಶವಾಗಿಲ್ಲ.
ಅದಕ್ಕೇ ಹೊಸ ಅರ್ಜಿ. ನಿಮ್ಮ ಮೇಜಿಗೇ ಬರುತ್ತದೆ.

ಫೋಟೋ ತೆಗೆಯಲು ಕೈಯೆತ್ತಿದಾಗ ಗೊತ್ತಾಯಿತು
ಹೆಬ್ಬೆರಳೂ ತೋರುಬೆರಳೂ ಒಂದಾಗಿವೆ ಎಂದು.
ಹೆಂಗಸರು ನಕ್ಕರು; ಒಬ್ಬಳು ಎಣ್ಣೆ ತಂದಳು, ಸುಮ್ಮನೆ.
ಎರಡು ದಿನ ಚಿಟಿಕೆ ಉಪ್ಪು ಹಿಡಿದವನ ಹಾಗೆ ಓಡಾಡಿದೆ,
ಯಾವ ಸಾರಿಗೆ ಹಾಕಬೇಕೋ ತಿಳಿಯದೆ.
ಚೀಟಿ ಇದೆ, ಎಂದು ವರದಿ ಬರೆದು ಎಡಗೈಯಲ್ಲಿ ಸಹಿ ಹಾಕಿದೆ.
ಲೆಕ್ಕಶಾಖೆಯವರು ಫೈಲು ತಿರುಗಿ ಕಳಿಸಿದ್ದಾರೆ:
ಸಹಿ ಹೊಂದುವುದಿಲ್ಲ.